ಅಣ್ಣ ಅಂದ ಮೇಲೆ

22 ಜುಲೈ 1974, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಮಠದಲ್ಲಿ ಅಜ್ಜಯ್ಯನ ಗದ್ದುಗೆಯ ಮುಂದೆ ಹನ್ನೆರಡು ಹುಡುಗಿಯರು ಸಾಲಾಗಿ ನಿಂತು ಸಂಕಲ್ಪ ಮಾಡಿದೆವು. ಇಪ್ಪತ್ತೈದು ತುಂಬುವವರೆಗೆ ಮದುವೆಯ ಮಾತಿಲ್ಲ, ಹೂ ಮುಡಿಯುವುದಿಲ್ಲ, ಸಿನಿಮಾ ಇಲ್ಲ. ಗಂಡಸರನ್ನೆಲ್ಲ ಅಣ್ಣತಮ್ಮಂದಿರೆಂದೇ ತಿಳಿಯುತ್ತೇವೆ, ಹಾಗೆಂದೇ ಕರೆಯುತ್ತೇವೆ. ಏಕಾಂತಮ್ಮನವರು ಒಂದೊಂದೇ ಮಾತು ಹೇಳಿಕೊಟ್ಟರು, ನಾವು ಅವರ ಹಿಂದೆ ಹೇಳಿದೆವು. ಆಮೇಲೆ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಸಹಿ. ಎಲ್ಲರ ಸಹಿಗಿಂತ ನನ್ನದೇ ನೆಟ್ಟಗಿತ್ತು. ನನ್ನ ಕೋಣೆಯ ಉಚ್ಚಂಗಮ್ಮ ಮಸಿ ಚೆಲ್ಲಿದಳು.

ಏಕಾಂತಮ್ಮನವರು ನಮ್ಮ ಹಾಸ್ಟೆಲಿನ ವಾರ್ಡನ್. ಹದಿನೆಂಟರಲ್ಲಿ ಇದೇ ವ್ರತ ಹಿಡಿದು, ಇಪ್ಪತ್ತೈದಾದ ಮೇಲೂ ಬಿಡಲಿಲ್ಲವಂತೆ. ಈಗ ಐವತ್ತರ ಹತ್ತಿರ. ವ್ರತ ಹಿಡಿದವರು ದಿನಚರಿ ಬರೆಯಬೇಕು, ಮನಸ್ಸು ಎಲ್ಲೆಲ್ಲಿಗೆ ಹೋಗಿ ಬಂತು ಎಂದು ಸುಳ್ಳಿಲ್ಲದೆ ಬರೆಯಬೇಕು, ಯಾರೂ ಓದುವುದಿಲ್ಲ ಎಂದರು. ಅದಕ್ಕೇ ಈ ಪುಸ್ತಕ. ದಿನಾ ಬರೆಯುವಷ್ಟು ನನ್ನ ಮನಸ್ಸು ಎಲ್ಲಿಗೂ ಹೋಗುವುದಿಲ್ಲ, ಅದು ಬೇರೆ ಮಾತು.

ನನಗೆ ಈ ವ್ರತ ಕಷ್ಟವೇ ಅಲ್ಲ. ಹತ್ತೊಂಬತ್ತು ವರ್ಷ, ಟೀಚರ್ ಟ್ರೈನಿಂಗಿನ ಕೊನೆಯ ವರ್ಷ. ತುರುವನೂರಿನ ನಮ್ಮ ಮನೆಯಲ್ಲಿ ಇಷ್ಟು ಓದಿದ ಹೆಣ್ಣು ನಾನೊಬ್ಬಳೇ. ಮಾಡದಕೆರೆಯ ಜಯಕ್ಕತ್ತೆ ಅಪ್ಪನ ಅಕ್ಕ. ನಾನು ಹುಟ್ಟಿದಾಗ ತೊಟ್ಟಿಲ ಹತ್ತಿರ ನಿಂತು, ಹೊನ್ನಕ್ಕ ನನ್ನ ಮಗನಿಗೇ ಎಂದು ಹೇಳಿಬಿಟ್ಟಿದ್ದರಂತೆ. ಆ ಮಗ ದುರುಗಣ್ಣ. ಹಲ್ಲುಬ್ಬು. ಚಿಕ್ಕವನಿದ್ದಾಗ ನನ್ನನ್ನು ಕುರಿ ಹಟ್ಟಿಯೊಳಗೆ ತಳ್ಳಿ ಬಾಗಿಲು ಹಾಕಿದವನು. ಇನ್ನು ಆರು ವರ್ಷ ಯಾರೂ ಆ ಮಾತು ಎತ್ತುವಂತಿಲ್ಲ. ಅಜ್ಜಯ್ಯನೇ ನನಗೆ ಕಾವಲು.

4 ಆಗಸ್ಟ್

ಉಚ್ಚಂಗಮ್ಮ ದರ್ಜಿಯವನನ್ನು ನೋಡಿ ನಕ್ಕಳು. ಕೇಳಿದರೆ, "ಅಣ್ಣನ್ನ ನೋಡಿ ನಗಬಾರ್ದು ಅಂತ ಎಲ್ಲೈತೆ ಹೇಳು," ಎಂದು ನನಗೇ ತಿರುಗಿಬಿದ್ದಳು. ಇಂಥವಳ ಜೊತೆ ಒಂದೇ ಕೋಣೆ.

19 ಆಗಸ್ಟ್

ಈ ವಾರ ಹಾಸ್ಟೆಲಿನ ಹಸುವಿನ ಪಾಳಿ ನನ್ನದು. ಗೌರಿ ಐದು ತಿಂಗಳ ಗಬ್ಬ, ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಏಕಾಂತಮ್ಮನವರು ದನದ ಆಸ್ಪತ್ರೆಗೆ ಹೇಳಿ ಕಳಿಸಿದರು. ಬಂದವನು ಯಾರು ಅಂತೀರಿ, ದುರುಗಣ್ಣ. ಕಾಂಪೌಂಡರ್ ಕೆಲಸ ಸಿಕ್ಕು ಹಿರಿಯೂರಿನಲ್ಲಿದ್ದವನು ಹೋದ ತಿಂಗಳು ಚಿತ್ರದುರ್ಗಕ್ಕೆ ವರ್ಗವಾಗಿ ಬಂದಿದ್ದಾನಂತೆ. ಕೈಯಲ್ಲಿ ಚರ್ಮದ ಚೀಲ, ಕಾಲಲ್ಲಿ ಬೂಟು. ಹಲ್ಲು ಅಷ್ಟೇನೂ ಉಬ್ಬಿಲ್ಲ ಈಗ, ಅಥವಾ ಮೀಸೆಯಿಂದ ಹಾಗೆ ಕಾಣುತ್ತದೆ.

ನಾನು ಸ್ವಲ್ಪವೂ ತಡವರಿಸಲಿಲ್ಲ. "ಬಾ ಅಣ್ಣ, ಹಸು ಇಲ್ಲೈತೆ," ಅಂದೆ. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಇದ್ದಾರೇನೋ ಎಂದು.

"ಯಾರಿಗೆ ಹೇಳಿದ್ದು ಹೊನ್ನಿ?"

"ನಿನಗೇ. ನಮಗೆ ವ್ರತ ಐತೆ. ಎಲ್ಲರೂ ಅಣ್ಣಂದಿರೇ."

"ಓಹೋ. ಹಂಗಾದ್ರೆ ಈ ಹಸಾನೂ ನನ್ನ ತಂಗಿ ಅಂತ ತಿಳ್ಕಂಡು ಔಷಧಿ ಕೊಡ್ತೀನಿ," ಎಂದು ಗೌರಿಯ ಬಾಯಿ ತೆರೆದು ಬಿದಿರಿನ ಗೊಟ್ಟದಲ್ಲಿ ಔಷಧಿ ಹಾಕಿದ. ಏಕಾಂತಮ್ಮನವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡರು. ಅವರಿಗೆ ನನ್ನ ಮೇಲೆ ಹೆಮ್ಮೆಯಾಗಿರಬೇಕು.

5 ಸೆಪ್ಟೆಂಬರ್

ದುರುಗಣ್ಣ ಮತ್ತೆ ಬಂದಿದ್ದ. ಗೌರಿ ಚೆನ್ನಾಗಿ ಮೇಯುತ್ತಿದೆ, ಬರುವ ಅಗತ್ಯವಿರಲಿಲ್ಲ, ಬಂದ. ಬಂದವನು ನನಗೆ ಬೈದ. ಕೊಟ್ಟಿಗೆಯಲ್ಲಿ ಗಂಜಲ ನಿಂತಿದೆ, ಗೊರಸು ಕೊಳೆಯುತ್ತದೆ, ಓದಿದೋರಿಗೆ ಅಷ್ಟೂ ಗೊತ್ತಾಗಲ್ವ ಎಂದು. ನಾನೇನು ಬಿಟ್ಟೇನೆ, ಪಾಳಿ ಹೋದ ವಾರದವಳದು, ಬೈಯುವುದಿದ್ದರೆ ಅವಳನ್ನು ಹುಡುಕಿ ಬೈ ಅಂದೆ. ಅವನು ಪ್ಯಾಂಟು ಮಡಚಿ ಪೊರಕೆ ತಗೊಂಡು ತಾನೇ ಚರಂಡಿ ಬಿಡಿಸಿದ. ಅರ್ಧ ಗಂಟೆ ಹಿಡಿಯಿತು. ಕೆಲಸ ಮಾಡುವಾಗ ನಾಲಿಗೆ ಒಂದು ಪಕ್ಕ ಹೊರಗೆ ಹಾಕಿಕೊಳ್ಳುತ್ತಾನೆ. ಹಸುವಿನ ಹತ್ತಿರ ಮಾತಾಡುವಾಗ ದನಿ ಬೇರೆಯೇ, ನನ್ನ ಹತ್ತಿರ ಬೇರೆಯೇ. ಕೊನೆಗೆ ಕೈ ತೊಳೆಯಲು ನೀರು ಕೊಟ್ಟೆ. "ಅಣ್ಣಂಗೆ ಒಂದು ಲೋಟ ಕಾಫಿ ಇಲ್ವ?" ಅಂದ. ಹಾಸ್ಟೆಲಿನಲ್ಲಿ ಕಾಫಿ ಮಾಡುವುದಿಲ್ಲ. ರಾಗಿ ಗಂಜಿ ಕೊಟ್ಟೆ, ಪೂರ್ತಿ ಕುಡಿದ.

ಇಷ್ಟು ಉದ್ದ ಬರೆದದ್ದು ಅವನ ಮೇಲಿನ ಸಿಟ್ಟಿಗೆ.

2 ಅಕ್ಟೋಬರ್

ಏನೂ ವಿಶೇಷವಿಲ್ಲ. ಹಸು ನೋಡಲು ಯಾರೂ ಬಂದಿಲ್ಲ, ಇಪ್ಪತ್ತೇಳು ದಿನವಾಯಿತು.

17 ಅಕ್ಟೋಬರ್

ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಗೌರಿ ಬಿದ್ದು ಒದ್ದಾಡತೊಡಗಿತು. ದಿನ ತುಂಬಿರಲಿಲ್ಲ. ಏಳು ತಿಂಗಳಿಗೆ ಕರು ಬೀಳುತ್ತದೆ ಎಂದು ಅಡುಗೆಯವರು ಅಳುವುದಕ್ಕೇ ಶುರು ಮಾಡಿದರು. ಓಡಿಹೋಗಿ ದನದ ಆಸ್ಪತ್ರೆಯಲ್ಲಿ ಹೇಳಿದವಳು ನಾನು. ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಅವನು ಊಟದ ಡಬ್ಬಿ ಹಾಗೇ ಬಿಟ್ಟು ಸೈಕಲ್ ಹತ್ತಿದ.

ನೋಡಿ, "ಏಳಲ್ಲ ಇದು, ಒಂಬತ್ತು ತುಂಬೈತೆ, ನಿಮಗೆ ಹೇಳಿದೋರು ಲೆಕ್ಕ ತಪ್ಪಿದಾರೆ," ಅಂದ. ಒಂದೇ ಕಾಲು ಹೊರಗೆ ಬಂದು ನಿಂತುಬಿಟ್ಟಿತ್ತು. ಅವನು ತೋಳಿಗೆಲ್ಲ ಸೋಪು ಹಚ್ಚಿಕೊಂಡು ಒಳಗೆ ಕೈ ಹಾಕಿದ. "ಹೊನ್ನಿ, ಬಾಲ ಹಿಡ್ಕ. ಬಿಡಬ್ಯಾಡ. ಹೆದ್ರಬ್ಯಾಡ," ಎಂದ. ಆಮೇಲೆ ಗೌರಿಗೆ, "ಆಯ್ತವ್ವ, ಆಯ್ತು, ಇನ್ನೊಂದೀಟು," ಎಂದು ಒಂದೇ ಸಮನೆ ಹೇಳುತ್ತಿದ್ದ. ಮುಖ ಕೆಂಪಗಾಗಿ ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ನಾನು ನನ್ನ ಸೆರಗಿನಿಂದ ಒರೆಸಿದೆ. ಒಂದು ಕೈಯಲ್ಲಿ ಬಾಲ ಹಿಡಿದೇ ಇದ್ದೆ.

ಹೆಣ್ಣು ಕರು, ಕೆಂಚು ಬಣ್ಣ. ಮೂಗಿನ ಸಿಂಬಳ ತೆಗೆದು ಊದಿದ ಮೇಲೆ ಉಸಿರಾಡಿತು. ಅವನು ಗೋಡೆಗೆ ಒರಗಿ ಕುಳಿತು ಸುಮ್ಮನೆ ನಕ್ಕ. ನನಗೆ ಅಳು ಬಂತು, ಯಾಕೋ ಗೊತ್ತಿಲ್ಲ. ಹಸು ಉಳಿದಿದ್ದಕ್ಕೇ ಇರಬೇಕು.

ಗಡಿಬಿಡಿಯಲ್ಲಿ ಇವತ್ತು ಒಂದು ಸಲವೂ ಅಣ್ಣ ಎಂದು ಕರೆಯಲಿಲ್ಲ. ಸುಳ್ಳಿಲ್ಲದೆ ಬರೆಯಬೇಕೆಂದು ಬರೆದಿದ್ದೇನೆ.

14 ನವೆಂಬರ್, ಬಲಿಪಾಡ್ಯ, ತುರುವನೂರು

ಹಬ್ಬಕ್ಕೆ ಬರುವ ಮುಂಚೆ ಏಕಾಂತಮ್ಮನವರು ಎಲ್ಲರನ್ನೂ ಕೂರಿಸಿ, ಹಾಸ್ಟೆಲಿನಲ್ಲಿ ನಡೆಸುವ ವ್ರತ ವ್ರತವಲ್ಲ, ಮನೆಯಲ್ಲಿ ನಡೆಸಬೇಕು ಎಂದಿದ್ದರು. ನಡೆಸಿದೆ.

ಜಯಕ್ಕತ್ತೆ ಮಗನನ್ನು ಕರೆದುಕೊಂಡು ಬಂದಿದ್ದರು. ತಟ್ಟೆಯಲ್ಲಿ ಸೀರೆ, ಬಳೆ, ಬೆಲ್ಲ ಎಲ್ಲ ಇತ್ತು. ಅಪ್ಪ, ಅವ್ವ, ಪಕ್ಕದ ಮನೆಯ ಬೋರಕ್ಕಜ್ಜಿ, ಇನ್ನೂ ನಾಲ್ಕು ಜನ ಪಡಸಾಲೆಯಲ್ಲಿ ಕುಳಿತಿದ್ದರು. ಅವ್ವ ನನ್ನ ಕೈಗೆ ನೀರಿನ ಚೊಂಬು ಕೊಟ್ಟು, ಮೊದಲು ಅವನಿಗೆ ಕೊಡು ಎಂದಳು. ಕೊಟ್ಟರೆ ಸಂಬಂಧಕ್ಕೆ ಒಪ್ಪಿದ ಹಾಗೆ, ಅದು ಎಲ್ಲರಿಗೂ ಗೊತ್ತು. ಚೊಂಬು ಹಿಡಿದು ಅವನ ಮುಂದೆ ನಿಂತೆ. ಅವನು ನೋಡಿದ. ಯಾರೂ ಅಷ್ಟು ಸಲಿಗೆಯಿಂದ ನೋಡಬಾರದು. ನನಗೆ ಗದ್ದುಗೆ ನೆನಪಾಯಿತು, ನನ್ನ ಸಹಿ ನೆನಪಾಯಿತು. "ತಗೋ ಅಣ್ಣ," ಅಂದುಬಿಟ್ಟೆ, ಎಲ್ಲರಿಗೂ ಕೇಳುವ ಹಾಗೆ.

ಅತ್ತೆ ತಟ್ಟೆ ಎಳೆದುಕೊಂಡು ಮೇಲೆ ಬಟ್ಟೆ ಮುಚ್ಚಿದರು.

"ಅತ್ತೆ ಮಗನ್ನ ಬಾವ ಅಂತಾರೆ, ಅಣ್ಣ ಅನ್ನೋದು ನಾ ಎಲ್ಲೂ ಕೇಳಿಲ್ಲ," ಎಂದರು. "ಬ್ಯಾಡ ಅನ್ನೋದಿದ್ರೆ ಬ್ಯಾಡ ಅನ್ನಬೇಕಿತ್ತು. ನಾಲ್ಕು ಜನದ ಮುಂದೆ ಅಣ್ಣ ಅಂದ ಮ್ಯಾಲೆ ಮುಗೀತು. ಮಗಂಗೆ ತಂಗಿ ಆದೋಳನ್ನ ಸೊಸೆ ಮಾಡ್ಕಳಾಕೆ ನಮಗೇನು ಬುದ್ಧಿ ಕೆಟ್ಟೈತಾ?"

ಅಪ್ಪ, "ಅಕ್ಕ, ಕುಂತ್ಕಳಕ್ಕ, ಹುಡುಗಿ ಏನೋ ವ್ರತ ಅಂತ," ಎನ್ನುತ್ತಲೇ ಇದ್ದರು. ಅತ್ತೆ ಊಟ ಮಾಡದೆ ಹೊರಟರು. ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಹೋಗುವಾಗ ಅದನ್ನು ಹೊಸ್ತಿಲ ಮೇಲೆ ಇಟ್ಟ. ನೀರು ಕುಡಿದಿರಲಿಲ್ಲ.

15 ನವೆಂಬರ್

ವ್ರತ ಉಳಿಯಿತು. ಹೋಳಿಗೆ ಸೇರಲಿಲ್ಲ.

8 ಡಿಸೆಂಬರ್

ಅಪ್ಪನ ಕಾರ್ಡು ಬಂತು. "ಚಿ. ಹೊನ್ನಕ್ಕನಿಗೆ ಪಾಲಯ್ಯನ ಆಶೀರ್ವಾದ. ನಾವು ಕ್ಷೇಮ. ನಿನ್ನ ಅತ್ತೆ ಹಿರಿಯೂರಿನ ಕಡೆ ಒಂದು ಹೆಣ್ಣು ನೋಡಿದ್ದಾರೆ. ಶಿವರಾತ್ರಿ ಕಳೆದ ಮೇಲೆ ಎಲೆಅಡಿಕೆ ಶಾಸ್ತ್ರವಂತೆ. ನೀನು ನಿನ್ನ ಓದಿನ ಕಡೆ ಗಮನ ಕೊಡು." ಅಷ್ಟೇ. ಕಾರ್ಡಿನಲ್ಲಿ ಇನ್ನೂ ಜಾಗವಿತ್ತು, ಅಪ್ಪ ಏನೂ ಬರೆದಿಲ್ಲ.

ಒಳ್ಳೆಯದೇ ಆಯಿತು. ನನ್ನ ವ್ರತಕ್ಕೆ ಇನ್ನು ಯಾರ ಕಾಟವೂ ಇಲ್ಲ.

ಯಾಕೆ ಊಟಕ್ಕೆ ಬರಲಿಲ್ಲ ಎಂದು ಉಚ್ಚಂಗಮ್ಮ ಮೂರು ಸಲ ಕೇಳಿದಳು. ನಾಲ್ಕನೇ ಸಲ ಬೈದುಬಿಟ್ಟೆ.

22 ಡಿಸೆಂಬರ್

ಕರುವಿಗೆ ಜಂತಿನ ಔಷಧಿ ಹಾಕಲು ಒಬ್ಬ ಮುದುಕಪ್ಪ ಬಂದಿದ್ದ. ಆಸ್ಪತ್ರೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು ಕೇಳಿದೆ. "ಕಾಂಪೌಂಡರೇ ನನ್ನ ಕಳ್ಸಿದ್ರು ಕಣವ್ವ, ತಾನು ಹೋಗಲ್ಲ ಅಂದ್ರು," ಎಂದ. ಗೌರಿ ಹಾಲು ಕಡಿಮೆ ಕೊಡುತ್ತಿದೆ. ಚಳಿ ಬಹಳ.

19 ಜನವರಿ 1975

ಇವತ್ತು ಅವರೇ ಬಂದರು. ಚೀಲ ತಂದಿರಲಿಲ್ಲ. ಕೊಟ್ಟಿಗೆಯ ಹತ್ತಿರ ನಿಂತು, ಕರುವಿನ ಕಿವಿ ನೀವುತ್ತಾ ಮಾತಾಡಿದರು.

"ಕುಂತ್ಕಳ್ರಿ," ಅಂದೆ. ಕುಳಿತುಕೊಳ್ಳಲಿಲ್ಲ.

"ಅವ್ವಂಗೆ ಎಷ್ಟು ಹೇಳಿದ್ರೂ ಕೇಳ್ತಿಲ್ಲ ಹೊನ್ನಿ. ಕೊನೀಗೆ ಒಂದು ಸುಳ್ಳು ಹೇಳಿದೀನಿ. ಅವಳು ಅಣ್ಣ ಅಂದಿಲ್ಲ, ನನ್ನ ಹೆಸರೇ ಕರೆದ್ಲು, ನನ್ನ ಹೆಸರಲ್ಲೇ ಅಣ್ಣ ಐತಲ್ಲ, ನಾಚ್ಕೆಗೆ ಮೊದಲಿನ ಅರ್ಧ ನುಂಗಿದ್ಲು, ಕೊನೇ ಅರ್ಧ ನಿಮಗೆ ಕೇಳಿಸ್ತು ಅಂತ."

ನನಗೆ ನಗು ಬಂತು. ನಗಬಾರದಿತ್ತು. ಅವರೂ ನಕ್ಕರು, ಸ್ವಲ್ಪ.

"ಅವ್ವ ನಂಬಿಲ್ಲ. ಅವಳೇ ಬಂದು ನನ್ನ ಮುಂದೆ ಹೇಳ್ಲಿ ಅಂತಾಳೆ. ನೀನು ಬಂದು, ಹೌದತ್ತೆ, ಹೆಸರೇ ಕರೆದಿದ್ದು ಅಂದ್ರೆ ಸಾಕು. ಅಷ್ಟೇ."

"ನಾನು ಅಣ್ಣ ಅಂತಲೇ ಅಂದಿದ್ದು," ಅಂದೆ. "ಸುಳ್ಳು ಹೇಳಕಾಗಲ್ಲ. ವ್ರತಾನೂ ಐತೆ, ಇನ್ನೂ ಆರು ವರ್ಷ."

"ಆರು ವರ್ಷ ನಾ ಕಾಯ್ತೀನಿ. ಅವ್ವ ಕಾಯಲ್ಲ. ಶಿವರಾತ್ರಿಗಂಟ ಐತೆ ನನ್ನ ಕೈಯಾಗೆ, ಆಮೇಲಿಲ್ಲ." ಕರುವಿನ ಕಿವಿ ಬಿಟ್ಟು ನನ್ನ ಕಡೆ ತಿರುಗಿ, "ನಿನಗೆ ಬ್ಯಾಡ ಅಂದ್ರೆ ಹೇಳು, ಇನ್ನು ಬರಲ್ಲ," ಎಂದರು.

ನಾನು ಬೇಡ ಎನ್ನಲಿಲ್ಲ. ಬೇಕು ಎನ್ನಲೂ ಇಲ್ಲ. ಕರುವಿನ ಹಗ್ಗ ಸರಿ ಮಾಡಿದೆ, ಅದು ಸರಿಯಾಗಿಯೇ ಇತ್ತು. ಅವರು ಸೈಕಲ್ ತಗೊಂಡು ಹೋದರು. ಉಚ್ಚಂಗಮ್ಮ ಕಿಟಕಿಯಿಂದ ನೋಡುತ್ತಿದ್ದಳಂತೆ. "ಏನೇ, ಹೋದ ಸಲ ಬಾ ಹೋಗು ಅಂತಿದ್ದೋಳು ಈಗ ಕುಂತ್ಕಳ್ರಿ ಅಂತೀಯ?" ಎಂದು ಕೇಳಿದಳು. ಸರ್ಕಾರಿ ನೌಕರರಿಗೆ ಮರ್ಯಾದೆ ಕೊಡಬೇಕು ಎಂದೆ.

11 ಫೆಬ್ರವರಿ

ಪ್ರಾಕ್ಟೀಸ್ ಪಾಠ. ಒಂದನೇ ಕ್ಲಾಸಿಗೆ ಒತ್ತಕ್ಷರ. ಬೋರ್ಡಿನ ಮೇಲೆ ಅಕ್ಕ, ಅಪ್ಪ, ಅಮ್ಮ, ಅಜ್ಜ ಬರೆದೆ. ಮುಂದಿನ ಸಾಲಿನ ಒಂದು ಹುಡುಗಿ ಎದ್ದು, "ಅಣ್ಣ ಬಿಟ್ಟೋಯ್ತು ಟೀಚರ್," ಎಂದಳು. ಸುಮ್ಮನೆ ಕುಂತ್ಕೊ ಎಂದು ಗದರಿದೆ. ಮಗು ಅತ್ತಿತು. ಪಾಠ ನೋಡಲು ಬಂದ ಮೇಷ್ಟ್ರು ಹತ್ತಕ್ಕೆ ನಾಲ್ಕು ಕೊಟ್ಟರು. ನನಗೆ ಯಾವತ್ತೂ ನಾಲ್ಕು ಬಂದಿಲ್ಲ.

ಪಾಠ ಮುಗಿದ ಮೇಲೆ ಆ ಮಗುವನ್ನು ಕರೆದು ಸಮಾಧಾನ ಮಾಡಿದೆ. ಅದರ ತಪ್ಪೇನೂ ಇರಲಿಲ್ಲ.

2 ಮಾರ್ಚ್

ಶಿವರಾತ್ರಿಗೆ ಒಂಬತ್ತು ದಿನ. ಇವತ್ತು ಬೆಳಿಗ್ಗೆ ಪೂಜೆಯಾದ ಮೇಲೆ ಏಕಾಂತಮ್ಮನವರ ಕೋಣೆಗೆ ಹೋಗಿ, "ಅಮ್ಮಾರೆ, ಆ ನೋಟ್‌ಬುಕ್ಕಿಂದ ನನ್ನ ಹೆಸರು ಹೊಡೆದುಹಾಕ್ರಿ," ಅಂದೆ. ಎಲ್ಲರಿಗಿಂತ ನೆಟ್ಟಗೆ ಸಹಿ ಮಾಡಿದವಳು ನಾನು. ಉಚ್ಚಂಗಮ್ಮ ಕೂಡ ಇನ್ನೂ ವ್ರತದಲ್ಲಿದ್ದಾಳೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ಕೂರಿಸಿದರು. ಎಲ್ಲ ಹೇಳಿದೆ. ಚೊಂಬಿನ ವಿಷಯವನ್ನೂ ಹೇಳಿದೆ.

"ಆವತ್ತೇ ಒಂದು ಸುಳ್ಳು ಹೇಳಿದ್ರೆ ಸಂಬಂಧ ಉಳೀತಿತ್ತಲ್ಲೇ," ಎಂದರು.

"ಸುಳ್ಳಿನ ಮೇಲೆ ಹೋಗಿ ಅವರ ಮನೇಲಿ ಕುಂತ್ಕಳ್ಳಕಾಗಲ್ಲ."

ಏಕಾಂತಮ್ಮನವರು ನನ್ನ ಹತ್ತಿರ ಸರಿದು ಕುಳಿತರು. ಆಮೇಲೆ ಹೇಳಿದರು: "ನಾನು ಈ ವ್ರತ ಹಿಡಿದಿದ್ದು ಬ್ಯಾಡ ಅಂತಲ್ಲ ಹೊನ್ನಕ್ಕ. ಬೇಕಾಗಿತ್ತು, ಸಿಗಲಿಲ್ಲ. ಸಿಗದೇ ಇದ್ದಾಗ ಇದು ನನ್ನ ಕೈ ಹಿಡೀತು. ಒಳ್ಳೇದೇ ಮಾಡ್ತು, ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಕೈಗೆ ಸಿಗೋದನ್ನ ಕಿತ್ತುಹಾಕಲಿ ಅಂತ ನಾನು ಇದನ್ನ ಹೇಳಿಕೊಡಲಿಲ್ಲ."

ನಾನು ಅವರ ಮಡಿಲಿಗೆ ಬಿದ್ದು ಅತ್ತೆ. ಅವರು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದರು, ಅಳು ನಿಲ್ಲುವವರೆಗೆ.

ತಪ್ಪುಕಾಣಿಕೆ ಹಾಕಿದ್ದಾರೆ. ಪರೀಕ್ಷೆ ಮುಗಿಯುವವರೆಗೆ ಕೊಟ್ಟಿಗೆಯ ಕೆಲಸ ನನ್ನೊಬ್ಬಳದೇ. ಪರೀಕ್ಷೆ ಬರೆಯದೆ ಮದುವೆ ಇಲ್ಲ, ಕೆಲಸ ಬಿಡುವ ಮಾತಿಲ್ಲ. ಮುಂದಿನ ಭಾನುವಾರ ತಾವೇ ನನ್ನ ಜೊತೆ ಮಾಡದಕೆರೆಗೆ ಬರುತ್ತಾರಂತೆ. "ಆ ಅಣ್ಣ ಅನ್ನೋ ಮಾತು ನಿನ್ನ ಬಾಯಿಗೆ ಹಾಕಿದ್ದು ನಾನು. ವಾಪಸ್ ತಗೊಳ್ಳೋಕೂ ನಾನೇ ಬರಬೇಕು," ಎಂದರು.

9 ಮಾರ್ಚ್ 1975, ಭಾನುವಾರ

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಏಕಾಂತಮ್ಮನವರು ಚಿತ್ರದುರ್ಗ ಬಿಟ್ಟು ಹೊರಗೆ ಬಂದು ಹನ್ನೊಂದು ವರ್ಷವಾಗಿತ್ತಂತೆ. ಹೊಳಲ್ಕೆರೆ ಬರುವವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಹೊಸದುರ್ಗದಲ್ಲಿ ಬಸ್ಸು ಬದಲಾಯಿಸಿ ಮಾಡದಕೆರೆ ಸೇರುವಾಗ ಬಿಸಿಲು ಏರಿತ್ತು.

ಜಯಕ್ಕತ್ತೆ ನಮ್ಮನ್ನು ನೋಡಿ ಮುಖ ಬಿಗಿ ಮಾಡಿದರೂ ಕಂಬಳಿ ಹಾಸಿದರು. ನೀರು, ಬೆಲ್ಲ ತಂದಿಟ್ಟರು. ಏಕಾಂತಮ್ಮನವರು ವ್ರತದ ವಿಷಯವನ್ನೆಲ್ಲ ನಿಧಾನವಾಗಿ ಹೇಳಿ, "ತಪ್ಪು ನನ್ನದವ್ವ. ಹುಡುಗಿ ನನ್ನ ಮಾತು ನಡೆಸಿದ್ಲು ಅಷ್ಟೇ," ಎಂದು ಕೈಮುಗಿದರು. ಅತ್ತೆಗೆ ಇರುಸುಮುರುಸಾಯಿತು.

"ನೀವು ದೊಡ್ಡೋರು, ಕೈ ಮುಗೀಬ್ಯಾಡ್ರಿ. ಆದ್ರೆ ನನ್ನ ಮಗ ಬ್ಯಾರೆ ಹೇಳ್ತಾನೆ. ಇವಳು ಹೆಸರು ಕರೆದ್ಲು, ಅರ್ಧ ನುಂಗಿದ್ಲು ಅಂತಾನೆ. ಯಾವುದು ನಿಜ?"

"ಅವರು ಹೇಳಿದ್ದು ಸುಳ್ಳು ಅತ್ತೆ," ಅಂದೆ. "ನಾನು ಅಣ್ಣ ಅಂತಲೇ ಅಂದಿದ್ದು. ಅನ್ನಬಾರದಿತ್ತು."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಗಲೇ ಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ಮೂರು ನಾಲ್ಕು ಮಂದಿ ಬಂದು ನಿಂತಿದ್ದರು.

"ಸರಿ. ನಾಲ್ಕು ಜನದ ಮುಂದೆ ಅಂದಿದ್ದು, ನಾಲ್ಕು ಜನದ ಮುಂದೇನೇ ವಾಪಸ್ ತಗೋ. ಅವನು ಹಿತ್ಲಾಗೆ ದನ ಕಟ್ತಾ ಅವ್ನೆ. ಪೂರ್ತಿ ಹೆಸರು ಹಿಡಿದು ಕೂಗು. ಅವನು ಓ ಅಂದ್ರೆ, ಅಣ್ಣ ಅಂದಿದ್ದು ಅಲ್ಲಿಗೆ ಅಳಿಸ್ತು. ನಾನೂ ಮರೀತೀನಿ."

ಇಷ್ಟೇನಾ ಎನ್ನಿಸಿತು. ಎದ್ದು ಹಿತ್ತಲ ಬಾಗಿಲಿಗೆ ಹೋದೆ. ಅಲ್ಲಿಂದ ಅವರ ಬೆನ್ನು ಕಾಣುತ್ತಿತ್ತು, ಗೂಟಕ್ಕೆ ಹಗ್ಗ ಸುತ್ತುತ್ತಿದ್ದರು. ಬಾಯಿ ತೆರೆದೆ. ಹೆಸರು ಬರಲಿಲ್ಲ. ಕೆಮ್ಮಿ ಮತ್ತೆ ತೆರೆದೆ, ಆಗಲೂ ಬರಲಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಬಂದು, ಅಮ್ಮಾರು ಕೈ ಮುಗಿದು, ಎಲ್ಲವೂ ನನ್ನ ಒಂದು ಮಾತಿನಿಂದ ಹಾಳಾಗುತ್ತದೆ ಎಂದು ಭಯವಾಯಿತು.

"ಕೂಗೇ," ಎಂದರು ಅತ್ತೆ ಹಿಂದಿನಿಂದ.

"ಆಗ್ತಿಲ್ಲ ಅತ್ತೆ."

"ಯಾಕಾಗಲ್ಲ? ಚಿಕ್ಕೋಳಿದ್ದಾಗ ಕಣದ ತುಂಬ ಕೂಗ್ಕಂಡು ತಿರುಗ್ತಿದ್ದೆ."

"ಬಾಯಿಗೆ ಬರ್ತಿಲ್ಲ. ಬ್ಯಾರೆ ಏನು ಬೇಕಾದ್ರೂ ಹೇಳ್ರಿ, ಮಾಡ್ತೀನಿ. ಹೆಸರು ಹಿಡಿದು ಕರಿಯೋಕೆ ಆಗ್ತಿಲ್ಲ."

ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಅವರ ಕಡೆ ಒಂದು ಸಲ ನೋಡಿದರು, ಅವರು ಸುಮ್ಮನಾದರು. ಏಕಾಂತಮ್ಮನವರು ಕೈಯಲ್ಲಿದ್ದ ನೀರಿನ ಲೋಟವನ್ನೇ ನೋಡುತ್ತಾ ಕುಳಿತಿದ್ದರು. ಅತ್ತೆ ಎದ್ದು ನನ್ನ ಹತ್ತಿರ ಬಂದು, ಗಲ್ಲ ಹಿಡಿದು ಮುಖ ಎತ್ತಿದರು.

"ಯಾವಾಗಿಂದ?"

"ಗೊತ್ತಿಲ್ಲ ಅತ್ತೆ. ಇವತ್ತೇ ಗೊತ್ತಾಗಿದ್ದು."

ಅತ್ತೆಯ ಕೈ ನನ್ನ ಗಲ್ಲದ ಮೇಲೆ ಹಾಗೇ ಇತ್ತು. ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ, "ನನಗೂ ನಿನ್ನ ಮಾವನ ಹೆಸರು ಬಾಯಿಗೆ ಬರೋದು ಲಗ್ನಕ್ಕೆ ಮುಂಚೇನೇ ನಿಂತೋಗಿತ್ತು ಕಣೇ. ಯಾರಿಗೂ ಹೇಳಿಲ್ಲ," ಎಂದರು.

ಆಮೇಲೆ ಹಿತ್ತಲಿನ ಕಡೆ ತಿರುಗಿ, ನನ್ನ ಬದಲಿಗೆ ತಾವೇ ಮಗನ ಪೂರ್ತಿ ಹೆಸರು ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ಅವರು ಹಗ್ಗ ಬಿಟ್ಟು ತಿರುಗಿ ನಿಂತು, ಅತ್ತೆಯನ್ನಲ್ಲ, ನನ್ನನ್ನು ನೋಡಿ ಓ ಎಂದರು.